ಪಾರ್ಕರ್ ಪಾದ್ರಿಗಳ ಪುಸ್ತಿಕೆಗಳ ಬೆನ್ನು ಹತ್ತಿ

ಬಾಸ್ಟನ್ನಿನ ಟ್ರೆಮಾಂಟ್ ಬೀದಿಯಲ್ಲಿ, ಪಾರ್ಕ್ ಸ್ಟ್ರೀಟ್ ಚರ್ಚಿನ ಎದುರಿಗೆ, ಹ್ಯಾಮಿಲ್ಟನ್ ಪ್ಲೇಸ್ ಅಂತ ಒಂದು ಸಣ್ಣ ಗಲ್ಲಿ ಇದೆ. ಗಲ್ಲಿಯ ತುದಿಗೆ ಆರ್ಫಿಯಂ ಥಿಯೇಟರ್. ಈಗ ಅಲ್ಲಿ ರಾಕ್ ಬ್ಯಾಂಡುಗಳ ಕಾರ್ಯಕ್ರಮ ನಡೆಯುತ್ತವೆ. 1852ರಲ್ಲಿ ಶುರುವಾದಾಗ ಇದರ ಹೆಸರು ಬಾಸ್ಟನ್ ಮ್ಯೂಸಿಕ್ ಹಾಲ್. ಆ ವರ್ಷದ ನವೆಂಬರಿನಿಂದ ಆರೇಳು ವರ್ಷ, ಭಾನುವಾರ ಬೆಳಗ್ಗೆ ಎರಡು ಸಾವಿರಕ್ಕೂ ಜಾಸ್ತಿ ಜನ ಇಲ್ಲಿ ಸೇರುತ್ತಿದ್ದರು. ಅವರೆಲ್ಲ ಬರುತ್ತಿದ್ದದ್ದು ಥಿಯೋಡರ್ ಪಾರ್ಕರ್ ಅನ್ನುವ ಪಾದ್ರಿಗಳ ಪ್ರಸಂಗ, ಅಂದರೆ ಧರ್ಮೋಪದೇಶ, ಕೇಳಲು. ಊರಿನ ಉಳಿದ ಪಾದ್ರಿಗಳು ತಮ್ಮ ಚರ್ಚಿನ ಬಾಗಿಲು ಮುಚ್ಚಿದ್ದರಿಂದ ಸಂಗೀತದ ಹಾಲಿಗೆ ಬಂದವರು ಅವರು.

ನಾನು ಬಾಸ್ಟನ್ನಿಗೆ ಹೋದದ್ದು ಅವರ ಹಳೆಯ ಪ್ರಸಂಗಗಳನ್ನೂ ಕಾಗದಗಳನ್ನೂ ಹುಡುಕಿಕೊಂಡು. ಸಮಗ್ರ ಕೃತಿಗಳು ಬೇಕಾದರೆ ಕಷ್ಟವೇನಿಲ್ಲ. ಫ್ರಾನ್ಸಿಸ್ ಪವರ್ ಕಾಬ್ ಲಂಡನ್ನಿನಲ್ಲಿ ಹೊರತಂದ 14 ಸಂಪುಟಗಳಿವೆ, ಆಮೇಲೆ ಬಾಸ್ಟನ್ನಿನಲ್ಲಿ ಬಂದ ಶತಮಾನೋತ್ಸವದ ಆವೃತ್ತಿ ಇದೆ. ನನಗೆ ಬೇಕಿದ್ದದ್ದು ಅವಲ್ಲ. ಪ್ರಸಂಗ ಮುಗಿದ ಕೆಲವೇ ವಾರಗಳಲ್ಲಿ ಅಚ್ಚಾಗಿ, ಅಂಚೆಯಲ್ಲಿ ಊರೂರಿಗೆ ಹೋಗುತ್ತಿದ್ದ ತೆಳ್ಳನೆಯ ಪುಸ್ತಿಕೆಗಳು ಬೇಕಿದ್ದವು. ಅವನ್ನು ಓದಿದವರು ಪಾರ್ಕರ್‌ಗೆ ಕಾಗದ ಬರೆಯುತ್ತಿದ್ದರು, ಪಾರ್ಕರ್ ಉತ್ತರ ಬರೆಯುತ್ತಿದ್ದರು. ಪುಸ್ತಿಕೆ, ಕಾಗದ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೇ ಆ ಮನುಷ್ಯ ಪೂರ್ತಿ ಕಾಣಿಸುತ್ತಾರೆ. ಹತ್ತಾರು ವರ್ಷದಿಂದ ಅವರನ್ನು ಓದುತ್ತಿರುವ ನನ್ನ ನಂಬಿಕೆ ಇದು.

ಮಂಗಳೂರಿನವನಾದ ನನಗೂ ಪಾರ್ಕರ್‌ಗೂ ಎತ್ತಣಿಂದೆತ್ತ ಸಂಬಂಧ ಅಂತ ಕೇಳುವವರಿದ್ದಾರೆ. ನಮ್ಮೂರಲ್ಲಿ 1870ರಲ್ಲಿ ಉಳ್ಳಾಲ ರಘುನಾಥಯ್ಯನವರು ಬ್ರಹ್ಮಸಮಾಜ ಶುರುಮಾಡಿದರು. ದಲಿತರ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರು ಆ ಸಮಾಜದವರೇ. ಆ ಚರಿತ್ರೆ ಓದುತ್ತಾ ಹಿಂದಕ್ಕೆ ಹೋದರೆ ಕಲಕತ್ತೆ ಸಿಗುತ್ತದೆ. ಅಲ್ಲಿನ ಬ್ರಹ್ಮಸಮಾಜದ ತರುಣರು ಪಾರ್ಕರ್ ಅವರನ್ನು ಹಂಬಲಿಸಿ ಓದುತ್ತಿದ್ದರು. 1855ರಲ್ಲಿ ಚಾರ್ಲ್ಸ್ ಡಾಲ್ ಅನ್ನುವ ಅಮೆರಿಕದ ಯುನಿಟೇರಿಯನ್ (ತ್ರಿಯೇಕ ದೇವರನ್ನು ಒಪ್ಪದೆ ದೇವರು ಒಬ್ಬನೇ ಅನ್ನುವ ಕ್ರೈಸ್ತ ಪಂಗಡದ) ಪಾದ್ರಿ ಕಲಕತ್ತೆಗೆ ಬಂದ ಮೇಲೆ ಅಂಥ ಬರಹಗಳು ಅಲ್ಲಿ ಇನ್ನೂ ಸುಲಭವಾಗಿ ಕೈಗೆ ಸಿಕ್ಕವು. ಅಲ್ಲಿನ ಬ್ರಹ್ಮಸಮಾಜದ ಮುಂದಾಳು ಶಿವನಾಥ ಶಾಸ್ತ್ರಿಗಳಿಗೆ ಮನಸ್ಸು ಕುಸಿದ ಕಾಲದಲ್ಲಿ ಧೈರ್ಯ ಕೊಟ್ಟದ್ದು ಪಾರ್ಕರ್ ಅವರ ಬರಹ. ನಾನು ಪಾರ್ಕರ್ ಹೆಸರು ಮೊದಲು ಕಂಡದ್ದು ಆ ದಾರಿಯಲ್ಲೇ.

ಅಕ್ಕನ ಮಗಳು ಬಾಸ್ಟನ್ನಿನ ಹತ್ತಿರದ ವಾಲ್ತಮ್ಮಿನಲ್ಲಿ ಇರುವುದರಿಂದ ಉಳಿಯಲು ತೊಂದರೆ ಇರಲಿಲ್ಲ. ಅಕ್ಟೋಬರ್ ತಿಂಗಳು, ಮೇಪಲ್ ಮರಗಳೆಲ್ಲ ಕೆಂಪಾಗಿದ್ದವು. "ಮಾಮ, ಎಲ್ಲರೂ ಎಲೆ ನೋಡಲು ಬೆಟ್ಟಕ್ಕೆ ಹೋಗ್ತಾರೆ, ನೀವು ಲೈಬ್ರರಿಗೆ ಹೊರಟಿದ್ದೀರಲ್ಲ" ಅಂದಳು. ಆದರೂ ಶನಿವಾರ ರಜೆ ಇದ್ದಾಗ ಅವಳೇ ಕಾರಿನಲ್ಲಿ ಲೆಕ್ಸಿಂಗ್ಟನ್‌ಗೆ ಕರೆದುಕೊಂಡು ಹೋದಳು.

ಲೆಕ್ಸಿಂಗ್ಟನ್ ಎಂದರೆ ಅಮೆರಿಕದವರಿಗೆ 1775ರ ಏಪ್ರಿಲ್ 19, ಅವರ ಸ್ವಾತಂತ್ರ್ಯ ಯುದ್ಧ ಶುರುವಾದ ದಿನ. ಬ್ರಿಟಿಷ್ ಸೈನ್ಯದ ಎದುರು ಊರಿನ ರೈತರು ಬಂದೂಕು ಹಿಡಿದು ನಿಂತ ಬಯಲು ಅಲ್ಲಿದೆ. ಅವರ ನಾಯಕ ಕ್ಯಾಪ್ಟನ್ ಜಾನ್ ಪಾರ್ಕರ್ ನಮ್ಮ ಪಾದ್ರಿಗಳ ಅಜ್ಜ. ಬಯಲಿನ ತುದಿಯಲ್ಲಿ ಬಂದೂಕು ಹಿಡಿದ ರೈತನ ಪ್ರತಿಮೆ ಇದೆ, ಪ್ರವಾಸಿಗರು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಸ್ಪ್ರಿಂಗ್ ಸ್ಟ್ರೀಟಿನ ಕಡೆ ಹೋದೆವು. ಪಾರ್ಕರ್ ಹುಟ್ಟಿದ್ದು ಅಲ್ಲಿನ ತೋಟದ ಮನೆಯಲ್ಲಿ, 1810ರ ಆಗಸ್ಟ್ 24ರಂದು. ಈಗ ಅಲ್ಲಿ ನೆನಪಿಗೆ ಒಂದು ಕಲ್ಲು ಇದೆ.

ಆ ಕಲ್ಲಿನ ಹತ್ತಿರ ನಿಂತಾಗ ನನಗೆ ನೆನಪಾದದ್ದು ಆಮೆಯ ಸಂಗತಿ. ನಾಲ್ಕು ವರ್ಷದ ಹುಡುಗ ಹೊಲದಿಂದ ಮನೆಗೆ ಬರುತ್ತಿದ್ದಾನೆ. ದಾರಿಯಲ್ಲಿ ಸಣ್ಣ ಹೊಂಡ, ಅದರ ಪಕ್ಕ ಚುಕ್ಕೆ ಚುಕ್ಕೆಯ ಆಮೆ ಬಿಸಿಲು ಕಾಯಿಸುತ್ತಿದೆ. ಹೊಡೆಯಲು ಕೋಲು ಎತ್ತಿದ. ಒಳಗಿನಿಂದ ಯಾರೋ "ಇದು ತಪ್ಪು" ಅಂದಹಾಗಾಯಿತು. ಕೋಲು ಎತ್ತಿದ ಕೈ ಅಲ್ಲೇ ನಿಂತಿತು. ಓಡಿಹೋಗಿ ಅಮ್ಮನನ್ನು ಕೇಳಿದ. ಅಮ್ಮ ಕಣ್ಣೊರೆಸಿಕೊಂಡು ಮಗನನ್ನು ಎತ್ತಿಕೊಂಡಳು. ಜನ ಅದನ್ನು ಮನಸ್ಸಾಕ್ಷಿ ಅನ್ನುತ್ತಾರೆ, ನಾನು ದೇವರ ದನಿ ಅನ್ನುತ್ತೇನೆ, ನೀನು ಕಿವಿಗೊಟ್ಟರೆ ಅದು ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತದೆ, ಅಂದಳು. ತನ್ನ ಬದುಕಿನಲ್ಲಿ ಇಷ್ಟು ಆಳವಾಗಿ ಉಳಿದ ಘಟನೆ ಬೇರೆ ಇಲ್ಲ ಅಂತ ಪಾರ್ಕರ್ ಮುಂದೆ ಬರೆದರು. ದಾಸಿಮಯ್ಯ, ಬಸವಣ್ಣನವರ ವಚನಗಳನ್ನು ಕೇಳಿ ಬೆಳೆದ ನಮಗೆ ಆ ತಾಯಿಯ ಮಾತು ಹೊಸದು ಅನ್ನಿಸುವುದಿಲ್ಲ.

ಆ ಮನೆಯಲ್ಲಿ ಬಡತನ ಇತ್ತು. ಹುಡುಗ ಕಾಡು ಹಣ್ಣು ಕಿತ್ತು ಮಾರಿ, ಬಂದ ದುಡ್ಡಲ್ಲಿ ಲ್ಯಾಟಿನ್ ನಿಘಂಟು ಕೊಂಡ. ಅದು ಅವನ ಸ್ವಂತದ ಮೊದಲ ಪುಸ್ತಕ. 1830ರಲ್ಲಿ ಹಾರ್ವರ್ಡಿನ ಪ್ರವೇಶ ಪರೀಕ್ಷೆ ಪಾಸಾದರೂ ಶುಲ್ಕ ಕಟ್ಟಲು ಆಗಲಿಲ್ಲ. ಸಾಯುವಾಗ ಅದೇ ಮನುಷ್ಯನ ಮನೆಯಲ್ಲಿ 11,000ಕ್ಕೂ ಹೆಚ್ಚು ಪುಸ್ತಕಗಳಿದ್ದವು. ಎಲ್ಲವನ್ನೂ ಬಾಸ್ಟನ್ನಿನ ಸಾರ್ವಜನಿಕ ಗ್ರಂಥಾಲಯಕ್ಕೆ ಬರೆದಿಟ್ಟರು, ಬಡವರ ಮಕ್ಕಳೂ ಓದಲಿ ಅಂತ.

ಬಾಸ್ಟನ್ನಿನ ದಕ್ಷಿಣಕ್ಕೆ ವೆಸ್ಟ್ ರಾಕ್ಸ್‌ಬರಿ. ಅಲ್ಲಿಗೆ ರೈಲಿನಲ್ಲಿ ಹೋದೆ. 1837ರಲ್ಲಿ ಪಾರ್ಕರ್ ಪಾದ್ರಿಯಾಗಿ ಸೇರಿದ್ದು ಇಲ್ಲಿನ ಸಣ್ಣ ಸಭೆಗೆ. ಹಳೆಯ ಕಟ್ಟಡ ಈಗಿಲ್ಲ. ಸೆಂಟರ್ ಸ್ಟ್ರೀಟಿನಲ್ಲಿರುವ ಈಗಿನ ಕಲ್ಲಿನ ಚರ್ಚಿಗೆ ಅವರದೇ ಹೆಸರು, ಹೊರಗೆ ಅವರ ಪ್ರತಿಮೆ. ಇಲ್ಲಿದ್ದಾಗಲೇ, 1841ರ ಮೇ 19ರಂದು, ಸೌತ್ ಬಾಸ್ಟನ್ನಿನಲ್ಲಿ ಅವರು ಮಾಡಿದ ಒಂದು ಪ್ರಸಂಗ ಎಲ್ಲವನ್ನೂ ತಲೆಕೆಳಗು ಮಾಡಿತು. ಕ್ರೈಸ್ತ ಧರ್ಮದಲ್ಲಿ ಬಂದುಹೋಗುವುದು ಯಾವುದು, ನಿಲ್ಲುವುದು ಯಾವುದು ಅನ್ನುವುದೇ ವಿಷಯ. ದೇವರ ಮೇಲೆ, ಮನುಷ್ಯರ ಮೇಲೆ ಪ್ರೀತಿ ನಿಲ್ಲುತ್ತದೆ. ಮತದ ಸಿದ್ಧಾಂತ, ಆಚಾರ ಕಾಲಕಾಲಕ್ಕೆ ಬದಲಾಗುತ್ತವೆ. ಯೇಸುವಿನ ಮಾತು ಸತ್ಯವಾದ್ದು ಯೇಸು ಆಡಿದ್ದಕ್ಕಲ್ಲ, ಅದು ಸತ್ಯವೇ ಆಗಿರುವುದಕ್ಕೆ ಅಂದರು. ಉದಾರವಾದಿಗಳು ಅನ್ನಿಸಿಕೊಂಡ ಯುನಿಟೇರಿಯನ್ ಪಾದ್ರಿಗಳಿಗೂ ಇದು ತಡೆದುಕೊಳ್ಳಲಾಗಲಿಲ್ಲ. ಆಗ ಪಾದ್ರಿಗಳು ಒಬ್ಬರ ಚರ್ಚಿನಲ್ಲಿ ಇನ್ನೊಬ್ಬರು ಪ್ರಸಂಗ ಮಾಡುವ ರೂಢಿ ಇತ್ತು. ಹೆಚ್ಚಿನವರು ಪಾರ್ಕರ್ ಅವರನ್ನು ಕರೆಯುವುದೇ ಬಿಟ್ಟರು. 1845ರ ಜನವರಿಯಲ್ಲಿ ಕೆಲವು ಗೆಳೆಯರು ಸೇರಿ, ಪಾರ್ಕರ್ ಮಾತನ್ನು ಬಾಸ್ಟನ್ ಕೇಳುವ ಅವಕಾಶ ಇರಬೇಕು ಅಂತ ಠರಾವು ಮಾಡಿ, ಮೆಲೋಡಿಯನ್ ಅನ್ನುವ ನಾಟಕಶಾಲೆ ಬಾಡಿಗೆಗೆ ಹಿಡಿದರು. ಅದು ಸಾಲದೆ ಬಂದಾಗ ಮ್ಯೂಸಿಕ್ ಹಾಲ್.

ಪುಸ್ತಿಕೆ ಹುಡುಕಲು ನಾನು ಬಹಳ ಹೊತ್ತು ಕಳೆದದ್ದು ವೆಸ್ಟ್ ಸ್ಟ್ರೀಟಿನ ಬ್ರ್ಯಾಟಲ್ ಬುಕ್ ಶಾಪಿನಲ್ಲಿ. 1825ರಿಂದ ನಡೆದುಕೊಂಡು ಬಂದ ವ್ಯಾಪಾರ ಅದು. ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿ, ಬಯಲಲ್ಲೇ, ಗಾಡಿಗಳ ಮೇಲೆ ಕಡಿಮೆ ಬೆಲೆಯ ಪುಸ್ತಕಗಳನ್ನು ಇಟ್ಟಿರುತ್ತಾರೆ. ಹಳೆಯ ಪುಸ್ತಕದ ಹುಚ್ಚಿರುವವರಿಗೆ ಅಲ್ಲಿಂದ ಕಾಲು ಕೀಳುವುದು ಕಷ್ಟ. ಆದರೆ ನನಗೆ ಬೇಕಾದ ಪುಸ್ತಿಕೆ ಸಿಕ್ಕಿದ್ದು ಬೇರೆ ಕಡೆ, ಒಬ್ಬ ವಯಸ್ಸಾದ ವ್ಯಾಪಾರಿಯ ಮನೆಯಲ್ಲಿ. 1854ರ ಜೂನ್ 4ರ ಪ್ರಸಂಗ ಅದು.

ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಹೊದಿಕೆ ಹೋಗಿದೆ. ಎಡ ಅಂಚಿನಲ್ಲಿ ದಾರ ಪೋಣಿಸಿದ್ದ ತೂತುಗಳು ಹಾಗೇ ಇವೆ. ಬೆನ್ನಿನಲ್ಲಿ ಒಣಗಿದ ಅಂಟಿನ ಕಂದು ಗೆರೆ. ಯಾರೋ ಇಂಥ ಹತ್ತಾರು ಪುಸ್ತಿಕೆ ಸೇರಿಸಿ ಬೈಂಡ್ ಮಾಡಿಸಿದ್ದರು, ಆಮೇಲೆ ಇನ್ಯಾರೋ ಬೈಂಡು ಬಿಚ್ಚಿ ಒಂದೊಂದಾಗಿ ಮಾರಿದ್ದಾರೆ ಅಂತ ವ್ಯಾಪಾರಿ ತೋರಿಸಿಕೊಟ್ಟರು. ಹೀಗೆ ಬೈಂಡಿನೊಳಗೆ ಸೇರಿಕೊಂಡ ಪುಸ್ತಿಕೆಗಳು ಎಷ್ಟೋ ಉಳಿದವು. ಅಗ್ಗದ ಬೆಲೆಗೆ ಕೊಂಡು, ಓದಿ, ಪಕ್ಕದವರಿಗೆ ಕೊಟ್ಟ ಬಿಡಿ ಪ್ರತಿಗಳಲ್ಲಿ ಹೆಚ್ಚಿನವು ಅಲ್ಲಲ್ಲೇ ಕಳೆದುಹೋದವು. ಅಪರೂಪವಾಗಿರುವುದು ಅದಕ್ಕೇ. ಕಾಗದ ಮಾತ್ರ ಆಶ್ಚರ್ಯಪಡುವಷ್ಟು ಗಟ್ಟಿ. ಚಿಂದಿ ಬಟ್ಟೆಯಿಂದ ಮಾಡಿದ ಆ ಕಾಲದ ಕಾಗದ, ನಮ್ಮ ಕಾಲದ ಪತ್ರಿಕೆಯ ಹಾಗೆ ಮುಟ್ಟಿದರೆ ಪುಡಿಯಾಗುವುದಿಲ್ಲ.

ಆ ಜೂನ್ 4ರ ಹಿಂದಿನ ವಾರ ಏನಾಗಿತ್ತು ಅಂತ ಗೊತ್ತಿದ್ದರೆ ಪುಸ್ತಿಕೆ ಕೈ ಸುಡುತ್ತದೆ. ಓಡಿಬಂದ ಗುಲಾಮರನ್ನು ಹಿಡಿದು ಯಜಮಾನನಿಗೆ ಒಪ್ಪಿಸಬೇಕು ಅನ್ನುವ ಕಾನೂನು 1850ರಲ್ಲಿ ಬಂದಿತ್ತು. ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಂದ ಆಂತನಿ ಬರ್ನ್ಸ್ ಅನ್ನುವ ಯುವಕನನ್ನು ಬಾಸ್ಟನ್ನಿನಲ್ಲಿ ಹಿಡಿದರು. ಪಾರ್ಕರ್ ಫ್ಯಾನೆಯಿಲ್ ಹಾಲಿನಲ್ಲಿ ಭಾಷಣ ಮಾಡಿದರು. ಅದೇ ರಾತ್ರಿ ಜನ ಕೋರ್ಟಿನ ಬಾಗಿಲು ಒಡೆದರು, ಬಿಡಿಸಲು ಆಗಲಿಲ್ಲ. ಜೂನ್ 2ರಂದು ಸೈನಿಕರ ಕಾವಲಿನಲ್ಲಿ ಬರ್ನ್ಸ್‌ರನ್ನು ಬಂದರಿಗೆ ನಡೆಸಿಕೊಂಡು ಹೋದರು, ಬೀದಿಯ ಎರಡೂ ಬದಿ ಸಾವಿರಾರು ಜನ. ಎರಡು ದಿನ ಬಿಟ್ಟು ಭಾನುವಾರ. ಆ ಬೆಳಗ್ಗೆ ಪಾರ್ಕರ್ ಊರಿನ ದೊಡ್ಡ ಮನುಷ್ಯರನ್ನು ಹೆಸರು ಹಿಡಿದು ಹೊಣೆಗಾರರು ಅಂದರು. ಪಾರ್ಕರ್ ಮೇಲೂ ಮೊಕದ್ದಮೆ ಬಿತ್ತು, 1855ರ ಏಪ್ರಿಲ್‌ನಲ್ಲಿ ಬಿದ್ದುಹೋಯಿತು. ಕೋರ್ಟಿನಲ್ಲಿ ಆಡಲು ಸಿಗದ ಸಮರ್ಥನೆಯನ್ನೆಲ್ಲ ಅವರು ಪುಸ್ತಕ ಮಾಡಿ ಅಚ್ಚು ಹಾಕಿಸಿದರು!

ಬಾಯ್ಲ್‌ಸ್ಟನ್ ಬೀದಿಯಲ್ಲಿರುವ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಕಾಗದಗಳಿವೆ. ಹೆಸರು ಬರೆಸಿದರೆ ಯಾರು ಬೇಕಾದರೂ ಓದಬಹುದು. ಚೀಲ ಲಾಕರಿನಲ್ಲಿ, ಪೆನ್ನು ಹೊರಗೆ, ಒಳಗೆ ಬರೀ ಪೆನ್ಸಿಲ್. ಪಾರ್ಕರ್ ಅವರ ಕೈಬರಹ ಎಷ್ಟು ಕೆಟ್ಟದ್ದು ಅಂದರೆ ಅವರ ಕಾಲದವರೇ ಗೋಳಾಡುತ್ತಿದ್ದರು. ಒಂದು ಪುಟ ಬಿಡಿಸುವಷ್ಟರಲ್ಲಿ ಕಣ್ಣಲ್ಲಿ ನೀರು. ಆದರೆ ಒಮ್ಮೆ ಹಿಡಿತ ಸಿಕ್ಕಿದರೆ ಬಿಡಲು ಮನಸ್ಸಾಗುವುದಿಲ್ಲ.

ಕಾಗದಗಳು ಎಲ್ಲವನ್ನೂ ಹೇಳುತ್ತವೆ, ಬೇಡವಾದ್ದನ್ನೂ. ಓಡಿಬಂದ ಗುಲಾಮರನ್ನು ತನ್ನ ಮನೆಯಲ್ಲೇ ಅಡಗಿಸಿಟ್ಟ ಮನುಷ್ಯ ಅವರು. ಹಾಗೆ ಓಡಿಬಂದ ಎಲೆನ್ ಕ್ರಾಫ್ಟ್ ಅನ್ನುವ ಹೆಂಗಸು ತಮ್ಮ ಮನೆಯಲ್ಲಿ ಇದ್ದಾಗ ಮೇಜಿನ ಡ್ರಾಯರಿನಲ್ಲಿ ಪಿಸ್ತೂಲು ಇಟ್ಟುಕೊಂಡು ಪ್ರಸಂಗ ಬರೆದವರು. ಅದೇ ಪಾರ್ಕರ್ ಕಾಗದಗಳಲ್ಲಿ ಆಂಗ್ಲೋ ಸ್ಯಾಕ್ಸನ್ ಜನ ಮೇಲು, ಕಪ್ಪು ಜನ ಬುದ್ಧಿಯಲ್ಲಿ ಹಿಂದೆ ಅನ್ನುವ ಮಾತನ್ನೂ ಬರೆದಿದ್ದಾರೆ. ಓದುವಾಗ ನನಗೆ ಬಹಳ ನೋವಾಯಿತು. ಅವರನ್ನು ಪ್ರೀತಿಸುವವರು ಈ ಸಾಲುಗಳನ್ನು ಬಿಟ್ಟು ಸಂಗ್ರಹ ಮಾಡಬಾರದು. ನನ್ನ ನೋಟ್ ಪುಸ್ತಕದಲ್ಲಿ ಅವೂ ಇವೆ.

ಈ ಪುಸ್ತಿಕೆಗಳು ಎಲ್ಲೆಲ್ಲಿ ಹೋದವು ನೋಡಿ. ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ವಿಲಿಯಂ ಹರ್ನ್‌ಡನ್ ಅನ್ನುವ ವಕೀಲರು ಪಾರ್ಕರ್ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದರು. ಅವರ ಆಫೀಸಿನ ಪಾಲುದಾರ ಅಬ್ರಹಾಂ ಲಿಂಕನ್. 1858ರ ಜುಲೈ 4ರ ಪ್ರಸಂಗದ ಪುಸ್ತಿಕೆಯನ್ನು ತಾನೇ ಲಿಂಕನ್‌ಗೆ ಕೊಟ್ಟೆ, ಎಲ್ಲ ಜನರ ಮೇಲೆ, ಎಲ್ಲ ಜನರಿಗಾಗಿ, ಎಲ್ಲ ಜನರಿಂದ ನಡೆಯುವ ಆಡಳಿತವೇ ಪ್ರಜಾಪ್ರಭುತ್ವ ಅನ್ನುವ ಸಾಲಿಗೆ ಲಿಂಕನ್ ಪೆನ್ಸಿಲಿನಲ್ಲಿ ಗುರುತು ಹಾಕಿದರು ಅಂತ ಹರ್ನ್‌ಡನ್ ನೆನಪು ಮಾಡಿಕೊಂಡಿದ್ದಾರೆ. ನೂರು ವರ್ಷದ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಮತ್ತೆ ಮತ್ತೆ ಹೇಳಿದ, ನೈತಿಕ ಲೋಕದ ಕಮಾನು ಉದ್ದ, ಆದರೆ ಅದು ನ್ಯಾಯದ ಕಡೆಗೇ ಬಾಗುತ್ತದೆ ಅನ್ನುವ ಮಾತಿನ ಬೇರೂ ಪಾರ್ಕರ್ ಅವರ ಒಂದು ಪ್ರಸಂಗದಲ್ಲೇ ಇದೆ. ಅದು 1853ರಲ್ಲಿ ಪುಸ್ತಕದಲ್ಲಿ ಬಂತು.

ಕಾಪ್ಲಿ ಸ್ಕ್ವೇರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊನೆಗೆ ಹೋದೆ. ಪಾರ್ಕರ್ ಪುಸ್ತಕಗಳ ಜೊತೆಗೆ ಗುಲಾಮಗಿರಿ ವಿರೋಧಿಗಳ ಸಾವಿರಾರು ಕಾಗದಗಳು ಅಲ್ಲಿವೆ. ಹೆಚ್ಚಿನವು ಇಂಟರ್ನೆಟ್ಟಿನಲ್ಲೂ ಸಿಗುತ್ತವೆ, ಮಂಗಳೂರಿನಲ್ಲಿ ಕೂತೇ ಓದಬಹುದು. ಆಸಕ್ತಿ ಇರುವವರು ದುಡ್ಡು ಖರ್ಚು ಮಾಡುವ ಮೊದಲು ಅಲ್ಲಿ ನೋಡಿ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಕಾಗದ ಬಹಳ ಸಣ್ಣದು. 1859ರ ಜನವರಿ 9, ಭಾನುವಾರ. ಬೆಳಗಿನ ಜಾವ ನಾಲ್ಕು ಗಂಟೆ ದಾಟಿತ್ತು. ಕ್ಷಯ ಹಿಡಿದಿದ್ದ ಪಾರ್ಕರ್‌ಗೆ ಎದೆಯಿಂದ ರಕ್ತ ಬಂತು. ಮ್ಯೂಸಿಕ್ ಹಾಲಿನಲ್ಲಿ ಜನ ಕಾಯುತ್ತಿರುತ್ತಾರೆ. ಇವತ್ತು ನಾನು ಮಾತಾಡಲಾರೆ ಅಂತ ನಾಲ್ಕು ಸಾಲು ಬರೆದು ಕಳಿಸಿದರು. ಏನಾಯಿತು ಅಂತ ಹೇಳಿದರು. ನಿಮ್ಮ ಮುಖಗಳನ್ನು ಮತ್ತೆ ಯಾವಾಗ ನೋಡುತ್ತೇನೋ ಗೊತ್ತಿಲ್ಲ ಅಂದರು. ಬಡವರಿಗಾಗಿ ಎತ್ತುವ ಕಾಣಿಕೆಯನ್ನು ಮಾತ್ರ ಮರೆಯಬೇಡಿ ಅಂದರು. ರಕ್ತ ಕಾರಿದ ಬೆಳಗ್ಗೆ ಈ ಕಾಣಿಕೆಯ ನೆನಪು ಬರಬೇಕಾದರೆ ಆ ಮನಸ್ಸು ಎಂಥದ್ದಿರಬೇಕು! ಮರುವರ್ಷ ಮೇ 10ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಅವರು ತೀರಿಕೊಂಡರು. ಐವತ್ತೂ ತುಂಬಿರಲಿಲ್ಲ.

1846ರ ಆಗಸ್ಟ್ 30ರಂದು ಅವರು ಮೆಲೋಡಿಯನ್ನಿನಲ್ಲಿ ಬಾಸ್ಟನ್ನಿನ ಬಡವರ ಬಗ್ಗೆ ಮಾಡಿದ ಪ್ರಸಂಗದ ಪ್ರತಿಯನ್ನೂ ಮಾಡಿಸಿಕೊಂಡು ಬಂದಿದ್ದೇನೆ. ಕೊಳೆಗೇರಿಯ ಬಾಡಿಗೆ ಎಷ್ಟು, ಮಕ್ಕಳು ಯಾಕೆ ಶಾಲೆಗೆ ಬರುವುದಿಲ್ಲ, ಹೆಂಡದಿಂದ ಲಾಭ ಯಾರಿಗೆ ಅಂತ ದೇವರ ಮನೆಯಲ್ಲಿ ನಿಂತು ಲೆಕ್ಕ ಕೇಳಿದ ಪ್ರಸಂಗ. ರಂಗರಾಯರ ಕೆಲಸ ಬಲ್ಲ ನಮ್ಮೂರಿನವರು ಇದನ್ನು ಓದಲೇಬೇಕು ಅಂತ ಕನ್ನಡಕ್ಕೆ ತರಲು ಶುರುಮಾಡಿದ್ದೇನೆ. ಮೊದಲ ಭಾಗ ಮುಗಿದಿದೆ, ಹಳೆಯ ಅಚ್ಚಿನ ಹಾಗೆ ಪುಸ್ತಿಕೆಯಾಗಿಯೇ ಹಾಕಿಸುವ ಯೋಚನೆ. ಬೇಕಾದವರಿಗೆ ಅಂಚೆಯಲ್ಲಿ ಕಳಿಸುತ್ತೇನೆ.