ಛೇದ ಬೇರೆ ಬೇರೆ ಇದ್ರೆ

14 ಜುಲೈ 2024, ಭಾನುವಾರ

ಅಕ್ಕನ ಮಗಳು ಭಿನ್ನರಾಶಿ ಹೋಮ್‌ವರ್ಕ್ ಹಿಡ್ಕೊಂಡು ಬಂದಿದ್ಲು. 1/2 + 1/3 ಅನ್ನೋದಕ್ಕೆ ಮೇಲಿಂದು ಮೇಲೆ ಕೆಳಗಿಂದು ಕೆಳಗೆ ಕೂಡಿಸಿ 2/5 ಅಂತ ಬರ್ದಿದ್ಲು. ನಾನು ತಪ್ಪು ಅನ್ಲಿಲ್ಲ, 2/5 ಅರ್ಧಕ್ಕಿಂತ ಜಾಸ್ತಿನಾ ಕಮ್ಮಿನಾ ಅಂತ ಕೇಳ್ದೆ ಅಷ್ಟೆ. "ಕಮ್ಮಿ... ಅಯ್ಯೋ, ಅರ್ಧಕ್ಕೆ ಇನ್ನೂ ಸೇರ್ಸಿದ್ಮೇಲೆ ಕಮ್ಮಿ ಹೆಂಗಾಗತ್ತೆ?" ಅಂತ ಅವಳೇ ಅಳಿಸಿದ್ಲು.

ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ, ಅಂದ್ರೆ ಎಲ್ಲಾ ಛೇದಗಳಿಂದ್ಲೂ ಭಾಗ ಆಗೋ ಅತಿ ಚಿಕ್ಕ ಸಂಖ್ಯೆ) ತೆಗೀಬೇಕು, ಛೇದ ಸಮ ಮಾಡ್ಬೇಕು ಅಂತ ಬಾಯಿಪಾಠ ಇದೆ, ಯಾಕೆ ಅಂದ್ರೆ ಗೊತ್ತಿಲ್ಲ. ಅದಕ್ಕೆ ಹಳೇ ರೂಪಾಯಿ ಲೆಕ್ಕ ತೆಗೆದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಕಾಲು ರೂಪಾಯಿ ಅಂದ್ರೆ 4 ಆಣೆ, ಮೂರನೇ ಒಂದು ಭಾಗ 5 ಆಣೆ 4 ಪೈ, ಕೂಡಿದ್ರೆ 9 ಆಣೆ 4 ಪೈ, ಎಲ್ಲಾನೂ ಪೈಗೆ ಇಳಿಸಿದ್ರೆ 48 ಮತ್ತೆ 64 ಸೇರಿ 112, ಅಂದ್ರೆ 112/192, ಸಂಕ್ಷೇಪಿಸಿದ್ರೆ 7/12. ಎರಡನ್ನೂ ಮುರೀದೆ ಅಳೆಯೋ ಚಿಲ್ರೆ ಸಿಕ್ರೆ ಆಯ್ತು, ಸಮಛೇದ ಅಂದ್ರೆ ಇಷ್ಟೇ. 1957ರಲ್ಲಿ ನಯಾ ಪೈಸೆ ಬಂದ್ಮೇಲೆ ರೂಪಾಯಿನ ಮೂರು ಜನಕ್ಕೆ ಹಂಚಿದ್ರೆ ತಲಾ 33, ಒಂದು ಪೈಸೆ ಉಳ್ಕೊಳತ್ತೆ. ನೂರರ ಲೆಕ್ಕ ಬರೆಯೋಕೆ ಸುಲಭ ನಿಜ, ಆದ್ರೆ ಹಂಚೋಕೆ ಹಳೇದೇ ವಾಸಿ ಅಂತ ನನ್ ಅಭಿಪ್ರಾಯ.

ಆಮೇಲೆ ಕಳೆಯೋದು, 7/12 − 5/18. ಅವಳು ಸೀದಾ ಛೇದಗಳನ್ನ ಗುಣಿಸಿ 216 ಮಾಡಿದ್ಲು, 126 − 60 = 66, 66/216. ತಪ್ಪೇನಿಲ್ಲ, ಆದ್ರೆ ಅದನ್ನ ಇಳಿಸೋ ಕೆಲಸ ಬಾಕಿ ಇರತ್ತಲ್ಲ. ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು, 850ರ ಸುಮಾರು, ಗಣಿತಸಾರಸಂಗ್ರಹದಲ್ಲಿ ಇದಕ್ಕೇ ಒಂದು ದಾರಿ ಹೇಳಿದಾರೆ, ಹೆಸರು ನಿರುದ್ಧ: ಛೇದಗಳಲ್ಲಿರೋ ಸಾಮಾನ್ಯ ಅಪವರ್ತನನ ಉಳಿದ ಭಾಗಲಬ್ಧಗಳ ಜೊತೆ ಗುಣಿಸೋದು. 12ಕ್ಕೂ 18ಕ್ಕೂ 6 ಹೋಗತ್ತೆ, ಉಳಿಯೋದು 2 ಮತ್ತು 3, ಮೂರನ್ನೂ ಗುಣಿಸಿದ್ರೆ 36. 21/36 − 10/36 = 11/36, ಮುಗೀತು. ಅದೇ ನಮ್ಮ ಲಸಾಅ!

ಅವಳಿಗೆ ಮಾತ್ರ 216ರ ದಾರಿನೇ ಇಷ್ಟ, ಯೋಚ್ನೆ ಮಾಡೋದು ಬೇಡ್ವಂತೆ. ಸರಿ ಅಂತ 1/8 + 5/12 + 7/18 ಕೊಟ್ಟೆ, ಮೂರನ್ನೂ ಗುಣಿಸಿ 1728 ಬಂದ ತಕ್ಷಣ ಪೆನ್ಸಿಲ್ ಕೆಳಗಿಟ್ಟು "72 ಸಾಕಲ್ವಾ ಮಾಮ?" ಅಂದ್ಲು. 9, 30, 28 ಕೂಡಿ 67/72.