ಬೀಳುವುದನ್ನು ಹಿಡಿಯುವವನ ಕೂಲಿ

"ಮಷಿನ್ ನಿಮ್ಮ ಮನೆಯದು, ಕೊಯ್ದವರು ನಿಮ್ಮ ಭಾವಮೈದುನ. ಇವನಿಗೇಕೆ ಪೂರ್ತಿ ಕೂಲಿ?" ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯವರು ಮರಾಠಿಯಲ್ಲಿ ಕೇಳಿದ ಈ ಪ್ರಶ್ನೆಗೆ, ಹಗ್ಗ ಸುತ್ತುತ್ತಿದ್ದ, ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಕೂಲಿಯಾಳು ನನ್ನತ್ತ ತಿರುಗಿ ಕನ್ನಡದಲ್ಲೇ ಉತ್ತರ ಕೊಟ್ಟ: "ಮಷಿನ್ ಕೊಯ್ತೈತಿ ಖರೆರೀ ಸಾಹೇಬ್ರ, ಬೀಳೂದನ್ನ ಯಾರು ಹಿಡೀತಾರ?" ವಾರವಿಡೀ ಈ ಪ್ರಶ್ನೋತ್ತರ ನನ್ನ ತಲೆಯಿಂದ ಇಳಿದಿಲ್ಲ.

ಪುಣೆಯ ಸಿಂಹಗಡ ರಸ್ತೆಯಲ್ಲಿರುವ ನಮ್ಮ ಅಂಗಳದ ಗುಲ್‌ಮೊಹರ್ ಮರದ ದಪ್ಪ ಕೊಂಬೆಯೊಂದು ಅಡ್ಡಮಳೆಯ ಗಾಳಿಗೆ ಬುಡದಲ್ಲಿ ಸೀಳಿ, ತುದಿಯನ್ನು ಕಾಂಪೌಂಡ್ ಗೋಡೆಯ ಮೇಲೆ ಊರಿಕೊಂಡು ನಿಂತಿತ್ತು. ಗೋಡೆಯಾಚೆ ಪಕ್ಕದ ಮನೆಯ ಮೀಟರ್ ಪೆಟ್ಟಿಗೆ. ಮಹಾರಾಷ್ಟ್ರದ ನಗರಗಳಲ್ಲಿ ಮರ ಕಡಿಯಲು 1975ರ ಕಾಯ್ದೆಯಂತೆ ಅನುಮತಿ ಬೇಕಾದ್ದರಿಂದ ಕಾರ್ಯದರ್ಶಿಯವರು ಮುಂಚಿತವಾಗಿಯೇ ಪಾಲಿಕೆಯಿಂದ ಕಾಗದ ತಂದಿದ್ದರು. ಕಾಗದಪತ್ರದಲ್ಲಿ ಅವರು ಎಷ್ಟು ಚುರುಕೋ ಕೈ ಬಿಚ್ಚುವುದರಲ್ಲಿ ಅಷ್ಟೇ ಬಿಗಿ.

ಚಿಂಚವಡದ ಕಾರ್ಖಾನೆಯೊಂದರಲ್ಲಿ ದುಡಿಯುವ ನನ್ನ ಭಾವಮೈದುನ ತನ್ನ ಬ್ಯಾಟರಿ ಗರಗಸವನ್ನು ಹೊತ್ತು ತಂದ. ರೆಸಿಪ್ರೊಕೇಟಿಂಗ್ ಸಾ ಎಂದು ಕರೆಯುವ ಇದರ ಬ್ಲೇಡು ಸುತ್ತುವುದಿಲ್ಲ. ಸುಮಾರು ಒಂದು ಅಂಗುಲದಷ್ಟು ದೂರವನ್ನು ನಿಮಿಷಕ್ಕೆ 3000 ಸಲದವರೆಗೆ ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ಅಮೆರಿಕದ ಮಿಲ್ವಾಕೀ ಕಂಪನಿ 1951ರಲ್ಲಿ ಸಾಝಾಲ್ ಎಂಬ ಹೆಸರಿನಲ್ಲಿ ಇಂಥದ್ದನ್ನು ತಂದಾಗ ಅದಕ್ಕೆ ವಿದ್ಯುತ್ ವೈರ್ ಇತ್ತು, ಈಗ 18 ವೋಲ್ಟ್ ಬ್ಯಾಟರಿ ಸಾಕು ಎಂಬ ಪ್ರವಚನವನ್ನು ನಾವು ಚಹಾದೊಂದಿಗೆ ಸೇವಿಸಬೇಕಾಯಿತು. ಕೆಲಸ ಬಲ್ಲವನೆಂಬುದನ್ನು ಮಾತ್ರ ಅಲ್ಲಗಳೆಯಲಾರೆ: ಬ್ಯಾಟರಿ ಕಳಚದೆ ಬ್ಲೇಡಿಗೆ ಕೈ ಹಾಕಲಿಲ್ಲ, ಹಸಿ ಮರಕ್ಕೆ ಅಂಗುಲಕ್ಕೆ 5 ಹಲ್ಲಿನ ಉದ್ದ ಬ್ಲೇಡನ್ನೂ, ಆಮೇಲೆ ತುಕ್ಕು ಹಿಡಿದ ನಲ್ಲಿ ಪೈಪಿಗೆ 18 ಹಲ್ಲಿನದನ್ನೂ ತೊಡಿಸಿದ, ಗರಗಸದ ಮೂತಿಯ ಲೋಹದ ಪಟ್ಟಿಯನ್ನು ಮರಕ್ಕೆ ಒತ್ತಿ ಹಿಡಿಯದಿದ್ದರೆ ಕೊಂಬೆಯೇ ಕುಣಿಯತೊಡಗುತ್ತದೆಂದು ತೋರಿಸಿಯೂ ಕೊಟ್ಟ.

ಆದರೆ ಇಂಡಿಯವ ಅವನಿಗೆ ಕೂಡಲೇ ಕೊಯ್ಯಲು ಬಿಡಲಿಲ್ಲ. ಕೊಂಬೆಯ ಸುತ್ತ ಓಡಾಡಿ, ಸೀಳಿನೊಳಗೆ ಬೆರಳಿಟ್ಟು ನೋಡಿ, ಮೇಲಿನ ಗಟ್ಟಿ ಟೊಂಗೆಗೆ ಹಗ್ಗ ಹಾಯಿಸಿ, ಮುರಿದ ಕೊಂಬೆಗೆ ಎರಡು ಕಡೆ ಬಿಗಿದ. ಅಷ್ಟರಲ್ಲಿ ಒಂದು ಗಂಟೆಯೇ ಕಳೆಯಿತು. "ಎರಡೂ ಕಡಿ ಆಸರ ಐತ್ರಿ ಇದಕ್ಕ. ಮ್ಯಾಲಿಂದ ಪೂರಾ ಕೊಯ್ದ್ರ ಬ್ಲೇಡ್ ಕಚ್ಚಿ ಹಿಡೀತೈತಿ." ಎರಡು ತುದಿಗೂ ಆಧಾರವಿರುವ ಕೊಂಬೆ ನಡುವೆ ಜೋತಾಗ ಮೇಲಿನ ಮೈ ಒತ್ತಿಕೊಳ್ಳುತ್ತದೆ, ಕೆಳಗಿನದು ಬಿಗಿದೆಳೆಯುತ್ತದೆ, ಆದ್ದರಿಂದ ಮೇಲಿನಿಂದ ಸ್ವಲ್ಪವೇ ಕೊಯ್ದು ಉಳಿದದ್ದನ್ನು ಕೆಳಗಿನಿಂದ ಮುಗಿಸಬೇಕು. ಒಂದೇ ಕಡೆ ಹಿಡಿದಿರುವ ಕೊಂಬೆಗೆ ಇದು ತಿರುವುಮುರುವು. ಭಾವಮೈದುನ ತಲೆಯಾಡಿಸಿ ಹಾಗೆಯೇ ಮಾಡಿದ. ಒದ್ದೆ ಹೊಟ್ಟು ಹಲ್ಲುಗಳ ಸಂದಿಯಲ್ಲಿ ಕೆನೆಯಂತೆ ಮೆತ್ತಿಕೊಂಡಿತು, ಎರಡು ನಿಮಿಷದೊಳಗೆ ಕೊಂಬೆ ಎರಡಾಯಿತು, ಎರಡೂ ತುಂಡು ಹಗ್ಗದಲ್ಲಿ ತೂಗಿ ನಿಂತವು. ಮೀಟರ್ ಪೆಟ್ಟಿಗೆಗೆ ಎಲೆಯೂ ತಾಗಲಿಲ್ಲ.

ಕಾರ್ಯದರ್ಶಿಯವರು ಕಂಡದ್ದು ಆ ಎರಡು ನಿಮಿಷವನ್ನು ಮಾತ್ರ. ಸದ್ದು ಮಾಡಿದ್ದು ಯಂತ್ರವಾದ್ದರಿಂದ ಕೆಲಸವೂ ಅದರದೇ ಎಂದು ಅವರಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಹಗ್ಗ ಸದ್ದು ಮಾಡುವುದಿಲ್ಲ. ಆದರೆ ಕೆಲಸ ಬೇಗ ಮುಗಿದಷ್ಟೂ ಕೂಲಿ ಇಳಿಯಬೇಕೆಂಬ ಲೆಕ್ಕ ಎಲ್ಲಿಯದು? ಮಚ್ಚು ಹಿಡಿದು ಅರ್ಧ ದಿನ ಬೆವರು ಸುರಿಸಿದ್ದರೆ ಚೌಕಾಶಿ ಮಾಡದೆ ಕೊಡುತ್ತಿದ್ದ ಅದೇ ಕೈ, ಕೆಲಸ ಅಪಾಯವಿಲ್ಲದೆ ಮುಗಿದದ್ದಕ್ಕೆ ಹಿಂಜರಿಯಿತು. ಯಾವ ತುಂಡು ಯಾವ ಕಡೆ ಹೊರಳೀತು ಎಂಬ ಅಂದಾಜಿಗೆ ಬಾಡಿಗೆ ದರವಿಲ್ಲ. ಯಂತ್ರಕ್ಕಾದರೆ ಪೆಟ್ಟಿಗೆಯ ಮೇಲೆಯೇ ಬೆಲೆ ಅಚ್ಚಾಗಿರುತ್ತದೆ. ಭಾವಮೈದುನನಂತೂ ಈ ಚರ್ಚೆಯ ನಡುವೆ ಮಾತಿಲ್ಲದೆ ಬ್ಲೇಡು ಒರೆಸುತ್ತ ನಿಂತಿದ್ದ; ಅವನು ಸುಮ್ಮನಿದ್ದದ್ದು ನನಗೆ ಇವತ್ತಿಗೂ ಸರಿಯೆನಿಸಿಲ್ಲ.

ಕೊನೆಗೆ ಸೊಸೈಟಿ ಅರ್ಧ ಕೊಟ್ಟಿತು, ಉಳಿದದ್ದನ್ನು ನಾನು ಸೇರಿಸಿದೆ. ಹಣ ಎಣಿಸಿ ಜೇಬಿಗಿಟ್ಟ ಮೇಲೆ ಆ ಮನುಷ್ಯ ಗರಗಸವನ್ನು ಕೈಗೆತ್ತಿಕೊಂಡು ಭಾರ ನೋಡಿ, "ಮರದ ಮ್ಯಾಲೆ ಒಂದ ಕೈಲೆ ಹಿಡಿಯಾಕ ಇದಕ್ಕಿಂತ ಸಣ್ಣದು ಸಿಗತೈತೇನ್ರಿ?" ಎಂದು ಭಾವಮೈದುನನನ್ನು ವಿಚಾರಿಸತೊಡಗಿದ.