ಪಿಂಗ್ ಮಾಡಿ ಅಂದ್ರೆ

‘ಫ್ರೀ ಆದಾಗ ಪಿಂಗ್ ಮಾಡಿ’ ಅಂತ ಆಫೀಸಿನಿಂದ ಮೆಸೇಜು. ಅಂದ್ರೆ ಫೋನಿನಲ್ಲಿ ಒಂದು ಸಣ್ಣ ಮೆಸೇಜ್ ಹಾಕಿ ಅಂತ. ಹೊಸನಗರದ ಈ ಮಳೆಯಲ್ಲಿ ಪಿಂಗ್ ಮಾಡಬೇಕಾದರೆ ಮೊದಲು ನೆಟ್‌ವರ್ಕ್ ಬೇಕಲ್ವಾ! ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಆಮೇಲೆ ಎರಡು ಕಡ್ಡಿ ಸಿಗುವುದು ಜಗಲಿಯ ಕಿಟಕಿ ಹತ್ತಿರ ಮಾತ್ರ, ಅದೂ ಫೋನನ್ನು ಅಡಿಕೆ ಚೀಲಕ್ಕೆ ಒರಗಿಸಿ ನಿಲ್ಲಿಸಿದರೆ.

ಪಿಂಗ್ ಅನ್ನುವುದು ಸುಮ್ನೆ ಒಂದು ಸದ್ದು. ನಮ್ಮ ‘ಠಣ್’ ಥರದ್ದೇ, ಇನ್ನೂ ಸಣ್ಣದು. ಹಡಗಿನ ಸೋನಾರ್ ನೀರೊಳಗೆ ಕಳಿಸುವ ಸದ್ದಿಗೂ ಇದೇ ಹೆಸರು. ಸದ್ದು ಎಲ್ಲಿಗೋ ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ನೋಡಿ ದೂರ ಲೆಕ್ಕ ಹಾಕುತ್ತಾರೆ. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಮೈಕ್ ಮೂಸ್ ನೆಟ್‌ವರ್ಕ್ ತೊಂದರೆ ಹುಡುಕಲು ಒಂದು ಪುಟ್ಟ ಪ್ರೋಗ್ರಾಂ ಬರೆದರು. ಆ ಕಡೆಯ ಕಂಪ್ಯೂಟರಿಗೆ ಒಂದು ಪ್ಯಾಕೆಟ್ (ಮಾಹಿತಿಯ ಸಣ್ಣ ತುಣುಕು) ಕಳಿಸುವುದು, ಉತ್ತರಕ್ಕೆ ಕಾಯುವುದು, ಅಷ್ಟೇ. ಸೋನಾರ್ ನೆನೆದು ಅದಕ್ಕೆ ಪಿಂಗ್ ಅಂತ ಹೆಸರಿಟ್ಟರು. ಆಮೇಲೆ ಬೇರೆ ಯಾರೋ ಅದಕ್ಕೊಂದು ಉದ್ದದ ಫುಲ್ ಫಾರ್ಮ್ ಅಂಟಿಸಿದರು. ಯಾಕೆ ಬೇಕಿತ್ತೋ!

ಪಿಂಗ್‌ಪಾಂಗ್ ಕೂಡ ಹೀಗೇ, ಚೆಂಡು ಬ್ಯಾಟಿಗೆ ಬಡಿದ ಸದ್ದು.

ನಮ್ಮಲ್ಲಿ ಗುಡ್ಡದ ಈಚೆ ನಿಂತು ‘ಕೂ’ ಹಾಕುತ್ತಾರೆ. ಆಚೆ ಮನೆಯಿಂದಲೂ ‘ಕೂ’ ಬಂದರೆ ಜನ ಇದ್ದಾರೆ ಅಂತ ಲೆಕ್ಕ. ಮೂಸ್ ಮಾಡಿದ್ದೂ ಇದನ್ನೇ. ಒಂದೇ ವ್ಯತ್ಯಾಸ, ಇಲ್ಲಿ ಎಷ್ಟೋ ಸಲ ಮನೆಯವರಿಗಿಂತ ಮೊದಲು ಅವರ ನಾಯಿ ಉತ್ತರ ಕೊಡುತ್ತದೆ.